ಕೆಲಸ ಬಿಡಬೇಕಿಲ್ಲ, ತಕ್ಕಡಿ ನೋಡಿಕೊಳ್ಳಿ: ದೈವಕರೆಯನ್ನು ದಿನದ ದುಡಿಮೆಯಲ್ಲಿ ಬಾಳುವುದು ಹೇಗೆ?

ನಾನು ಫಾದರೂ ಅಲ್ಲ, ಅಯ್ಯನವರೂ ಅಲ್ಲ. ಮೈಸೂರಿನಲ್ಲಿ ವಾರಕ್ಕೊಮ್ಮೆ ಹತ್ತು ಹನ್ನೆರಡು ಮಂದಿಯ ಜೊತೆ ಕೂತು ಬೈಬಲ್ ಓದುವ ಒಬ್ಬ ಸಂಬಳದ ಮನುಷ್ಯ. ಆದರೂ ನನಗೆ ತಿರುತಿರುಗಿ ಬರುವ ಪ್ರಶ್ನೆ ಒಂದೇ. ‘ದೇವರು ನನ್ನನ್ನು ಕರೆದಿದ್ದಾನೆ ಅನ್ನಿಸುತ್ತದೆ. ಕೆಲಸ ಬಿಟ್ಟು ಸೇವೆಗೆ ಇಳಿಯಲಾ?’ ಕೇಳುವವರಲ್ಲಿ ಮೇಟಗಳ್ಳಿಯ ಕಾರ್ಖಾನೆಗೆ ಶಿಫ್ಟಿಗೆ ಹೋಗುವವರಿದ್ದಾರೆ, ನರ್ಸುಗಳಿದ್ದಾರೆ, ಮಂಡ್ಯ ಕಡೆ ಕಬ್ಬು ಬೆಳೆಯುವವರಿದ್ದಾರೆ, ಮನೆ ಬಿಟ್ಟು ಹೊರಗೆ ದುಡಿಯದ ಗೃಹಿಣಿಯರಿದ್ದಾರೆ. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿ ಸಾಕಾಗಿ, ಹಂತ ಹಂತವಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಕಥೋಲಿಕರೂ ಸಿಎಸ್‌ಐನವರೂ (ಪ್ರೊಟೆಸ್ಟೆಂಟರ ದಕ್ಷಿಣ ಭಾರತ ಸಭೆಯವರು) ಉಳಿದ ಕ್ರೈಸ್ತ ಸಭೆಗಳವರೂ ಓದುತ್ತೀರೆಂದು ಎರಡೂ ಕಡೆಯ ಮಾತು ಬಳಸಿದ್ದೇನೆ. ಪದ ಬೇರೆಯಾದರೆ ಕೋಪಿಸಿಕೊಳ್ಳಬೇಡಿ.

ಬೇಕಾದದ್ದು ಹೆಚ್ಚೇನಿಲ್ಲ. ಒಂದು ಬೈಬಲ್, ಒಂದು ಸಣ್ಣ ನೋಟ್‌ಬುಕ್, ರಾತ್ರಿ ಹತ್ತು ನಿಮಿಷ, ನಾಲ್ಕು ವಾರದ ಹಟ. ನೋಟ್‌ಬುಕ್ಕನ್ನು ಯಾರ ಕೈಗೂ ಸಿಗದ ಕಡೆ ಇಡಿ. ಅದರಲ್ಲಿ ಹೆಸರುಗಳಿರುತ್ತವೆ, ದುಡ್ಡಿನ ಲೆಕ್ಕವೂ ಇರುತ್ತದೆ.

1. ‘ಕರೆ’ ಎಂದರೇನು, ಮೊದಲು ಇತ್ಯರ್ಥ ಮಾಡಿಕೊಳ್ಳಿ

ದೈವಕರೆ ಎಂದಾಕ್ಷಣ ನಮ್ಮ ಕಣ್ಣಿಗೆ ಬರುವುದು ಬಿಳಿ ನಿಲುವಂಗಿ, ಇಲ್ಲವೆ ಮೈಕು. ಗುರುಗಳಾಗುವುದು, ಕನ್ಯಾಸ್ತ್ರೀ ಆಗುವುದು, ಸಭಾಪಾಲಕರಾಗುವುದು ಒಂದು ಬಗೆಯ ಕರೆ, ನಿಜ. ಆದರೆ ಬೈಬಲ್ಲಿನಲ್ಲಿ ಪೌಲನು ಕೊರಿಂಥದ ಕ್ರೈಸ್ತರಿಗೆ ಬರೆದ ಮೊದಲ ಪತ್ರದ 7ನೆಯ ಅಧ್ಯಾಯ ತೆಗೆದು ನೋಡಿ. ದೇವರು ಕರೆದಾಗ ಯಾವ ಸ್ಥಿತಿಯಲ್ಲಿದ್ದಿರೋ ಅಲ್ಲೇ ಇದ್ದು ಬಾಳಿ ಎನ್ನುತ್ತಾನೆ. ಹಾಗೆ ಬರೆದವನು ಸ್ವತಃ ಗುಡಾರ ಹೊಲಿಯುವ ಕಸುಬಿನವನು. ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ಜೊತೆ ಅದೇ ಕೆಲಸ ಮಾಡಿಕೊಂಡೇ ಸುವಾರ್ತೆ ಸಾರಿದ.

16ನೆಯ ಶತಮಾನದಲ್ಲಿ ಮಾರ್ಟಿನ್ ಲೂಥರ್ ಇದನ್ನೇ ಎತ್ತಿಕೊಂಡು, ಮಠ ಸೇರಿದವನಿಗೆ ಮಾತ್ರವಲ್ಲ, ಹಾಲು ಕರೆಯುವವಳಿಗೂ ಚಪ್ಪಲಿ ಹೊಲಿಯುವವನಿಗೂ ಕರೆ ಇದೆ ಎಂದ. ಜರ್ಮನ್ ಭಾಷೆಯಲ್ಲಿ ಇವತ್ತಿಗೂ ಉದ್ಯೋಗಕ್ಕೆ ‘ಬೆರೂಫ್’ ಎನ್ನುತ್ತಾರೆ. ಆ ಮಾತಿನ ಬೇರು ‘ಕರೆ’ಯೇ. ಕಥೋಲಿಕರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಪವಿತ್ರ ಬಾಳಿನ ಕರೆ ಎಲ್ಲರಿಗೂ ಸೇರಿದ್ದು ಎಂದು ಸ್ಪಷ್ಟವಾಗಿ ಹೇಳಿತು. ಶ್ರೀಸಾಮಾನ್ಯರು, ಅಂದರೆ ಗುರುದೀಕ್ಷೆಯಾಗಲಿ ಸನ್ಯಾಸವಾಗಲಿ ಪಡೆಯದ ನಾವು ನೀವು, ಲೋಕದ ಒಳಗಿದ್ದೇ ಅದನ್ನು ಮಾಗಿಸಬೇಕು, ಹುಳಿಹಿಟ್ಟಿನಂತೆ. ನಮ್ಮ ಅಡುಗೆಮನೆಯ ಲೆಕ್ಕದಲ್ಲಿ ಹಾಲಿಗೆ ಬಿಟ್ಟ ಹೆಪ್ಪು. ಹೆಪ್ಪು ಹಾಲಿನೊಳಗೇ ಇರಬೇಕು. ಪಕ್ಕದ ಬಟ್ಟಲಿನಲ್ಲಿ ಕೂತರೆ ಮೊಸರಾಗುವುದಿಲ್ಲ.

ಕನ್ನಡದವರಿಗೆ ಇದು ತೀರ ಹೊಸದಾಗಿ ಕೇಳಿಸಬಾರದು. ‘ಕಾಯಕವೇ ಕೈಲಾಸ’ ಎಂದು ಹೇಳಿಕೊಂಡೇ ಬೆಳೆದ ನಾಡು ಇದು. ಎರಡೂ ಒಂದೇ ಎನ್ನುತ್ತಿಲ್ಲ, ದೇವರ ಕಲ್ಪನೆಯೇ ಬೇರೆ. ಆದರೆ ಕೆಲಸ ಮತ್ತು ಭಕ್ತಿ ನಡುವೆ ಗೋಡೆ ಕಟ್ಟುವ ಚಾಳಿ ನಮ್ಮ ನೆಲದ್ದಲ್ಲ.

ಎಚ್ಚರಿಕೆ: ಕೆಲಸದ ಬೇಸರವನ್ನು ಕರೆ ಎಂದುಕೊಳ್ಳಬೇಡಿ. ಮೇಲಧಿಕಾರಿಯ ಕಾಟ, ಸಂಬಳ ಏರದ ಸಿಟ್ಟು, ಸಾಲದ ಒತ್ತಡ ಇರುವಾಗ ‘ಸೇವೆಗೆ ಹೋಗಬೇಕು’ ಎಂಬ ಆಸೆ ಜೋರಾಗಿರುತ್ತದೆ. ಆ ಹೊತ್ತಿನಲ್ಲಿ ರಾಜೀನಾಮೆ ಬರೆಯಬೇಡಿ. ಈ ನಾಲ್ಕು ವಾರ ಮುಗಿಸಿ, ನಿಮ್ಮನ್ನು ಬಲ್ಲ ಹಿರಿಯರೊಬ್ಬರ ಮುಂದೆ ಕೂತು ಮಾತಾಡಿ.

2. ನಿಮ್ಮ ಕೆಲಸದ ಆ ತುದಿಯಲ್ಲಿ ಯಾರಿದ್ದಾರೆ, ಬರೆಯಿರಿ

ಮೊದಲ ಮೂರು ದಿನ ಇದಿಷ್ಟೇ ಕೆಲಸ. ನೀವು ಮಾಡಿದ್ದು ಕೊನೆಗೆ ಯಾರ ಕೈ ಸೇರುತ್ತದೆ? ಗದ್ದೆಯವರಾದರೆ ಅಕ್ಕಿ ತಿನ್ನುವವರು, ಬಿಲ್ ಕಲೆಕ್ಟರ್ ಆದರೆ ಕೌಂಟರಿನ ಮುಂದೆ ನಿಂತ ಮುದುಕಿ, ಸಾಫ್ಟ್‌ವೇರ್‌ನವರಾದರೆ ನಡುರಾತ್ರಿ ಆ ತಪ್ಪನ್ನು ಸರಿಪಡಿಸಬೇಕಾದ ಇನ್ನೊಬ್ಬ ಹುಡುಗ. ನಿಮಗಾಗಿ ಯಾರು ದುಡಿಯುತ್ತಿದ್ದಾರೆ ಎಂಬುದನ್ನೂ ಬರೆಯಿರಿ: ಮನೆಕೆಲಸದವರು, ಕಬ್ಬು ಕಡಿಯುವವರು, ಶಾಲೆಯ ಆಟೋದವರು, ಮನೆಯಲ್ಲಿ ನಿಮ್ಮ ಅಮ್ಮ.

ಹೆಸರು ಗೊತ್ತಿದ್ದರೆ ಹೆಸರನ್ನೇ ಬರೆಯಬೇಕು. ದಿನಾ ನೋಡುವ ಪೌರಕಾರ್ಮಿಕರ ಹೆಸರು ಗೊತ್ತಿಲ್ಲ ಎಂಬುದು ಇಲ್ಲೇ ಬಯಲಾಗುತ್ತದೆ. ಮರುದಿನ ಕೇಳಿ ತಿಳಿದುಕೊಳ್ಳಿ.

3. ತಕ್ಕಡಿ ಪರೀಕ್ಷೆ

ಈ ಲೇಖನದಲ್ಲಿ ಒಂದೇ ಹಂತ ಓದುವಷ್ಟು ಪುರುಸೊತ್ತಿದ್ದರೆ ಇದನ್ನೇ ಓದಿ.

ಲೂಕನ ಸುವಾರ್ತೆಯ 3ನೆಯ ಅಧ್ಯಾಯದಲ್ಲಿ ಜನ ಸ್ನಾನಿಕ ಯೋಹಾನನ ಬಳಿ ಬಂದು ‘ನಾವೇನು ಮಾಡಬೇಕು?’ ಎಂದು ಕೇಳುತ್ತಾರೆ. ಸುಂಕದವರು ಕೇಳುತ್ತಾರೆ, ಸಿಪಾಯಿಗಳೂ ಕೇಳುತ್ತಾರೆ. ಇಬ್ಬರೂ ಜನ ಉಗಿಯುವಂಥ ಕೆಲಸದವರು. ಯೋಹಾನ ಅವರಿಗೆ ಕೆಲಸ ಬಿಡಿ ಎನ್ನಲಿಲ್ಲ. ಸುಂಕದವನಿಗೆ ನೇಮಕವಾದುದಕ್ಕಿಂತ ಹೆಚ್ಚು ಕಿತ್ತುಕೊಳ್ಳಬೇಡ ಎಂದ. ಸಿಪಾಯಿಗೆ ಹೆದರಿಸಿ ಕಾಸು ಕೀಳಬೇಡ, ಸಂಬಳ ಸಾಕೆನ್ನು ಎಂದ. ಇದಕ್ಕಿಂತ ಸರಳವಾದ ಕೆಲಸದ ಕೈಪಿಡಿ ನಾನು ಕಂಡಿಲ್ಲ.

ಈಗ ನಿಮ್ಮ ಕೆಲಸದಲ್ಲಿ ‘ಎಲ್ಲರೂ ಮಾಡ್ತಾರೆ’ ಎನ್ನುವ ಮೋಸ ಯಾವುದು? ಪ್ರತಿ ಕಸುಬಿಗೂ ಒಂದು ಇದ್ದೇ ಇರುತ್ತದೆ.

ಆಲೆಮನೆಯವರಾದರೆ ಹೈಡ್ರೋಸ್ ಮತ್ತು ಸಕ್ಕರೆ. ಹೈಡ್ರೋಸ್ ಎಂದರೆ ಬೆಲ್ಲಕ್ಕೆ ಹಳದಿ ಹೊಳಪು ಬರಿಸಲು ಕುದಿಯುವ ಕಬ್ಬಿನ ಹಾಲಿಗೆ ಹಾಕುವ ಗಂಧಕದ ರಾಸಾಯನಿಕ ಪುಡಿ. ಕಬ್ಬಿನ ಹಾಲನ್ನು ಸುಮ್ಮನೆ ಕಾಯಿಸಿದರೆ ಬೆಲ್ಲ ಕಂದು ಬಣ್ಣಕ್ಕೇ ಇಳಿಯುವುದು. ಮಂಡಿಯಲ್ಲಿ ಬಣ್ಣ ನೋಡಿ ರೇಟು ಕಟ್ಟುತ್ತಾರೆ, ಅದಕ್ಕೇ ಪುಡಿ. ‘ಹಾಕದಿದ್ದರೆ ನಷ್ಟ’ ಎಂಬ ಮಾತು ಸುಳ್ಳಲ್ಲ. ಅದನ್ನು ಒಪ್ಪಿಕೊಂಡೇ ಹೇಳುತ್ತೇನೆ: ಒಂದೇ ಸಲಕ್ಕೆ ಎಲ್ಲವನ್ನೂ ಬದಲಿಸಲು ಹೋಗಿ ಕೈ ಸುಟ್ಟುಕೊಳ್ಳಬೇಡಿ. ಒಂದು ಕೊಪ್ಪರಿಗೆಯ ಬೆಲ್ಲ ಪುಡಿ ಹಾಕದೆ ತೆಗೆಯಿರಿ, ನೇರವಾಗಿ ಕೊಳ್ಳುವ ನಾಲ್ಕು ಮನೆ ಹುಡುಕಿ, ಆಮೇಲೆ ಎರಡು ಕೊಪ್ಪರಿಗೆ. ಆದರೆ ಪುಡಿ ಹಾಕಿದ ಬೆಲ್ಲವನ್ನು ‘ಆರ್ಗ್ಯಾನಿಕ್’ ಎಂದು ಕರೆಯುವುದನ್ನು ಮಾತ್ರ ನಾಳೆಯೇ ನಿಲ್ಲಿಸಬೇಕು. ಅದಕ್ಕೆ ಬಂಡವಾಳ ಬೇಡ.

ಅಂಗಡಿಯವರಾದರೆ ನಿಜವಾದ ತಕ್ಕಡಿ. ಜ್ಞಾನೋಕ್ತಿ 11ರ ಮೊದಲ ವಚನವೇ ಮೋಸದ ತಕ್ಕಡಿಯ ಮೇಲೆ ದೇವರಿಗಿರುವ ಅಸಹ್ಯದ ಬಗ್ಗೆ. ವಿದ್ಯುನ್ಮಾನ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳಬೇಕು. ಮುದ್ರೆಯ ತಾರೀಕು ನೋಡಿದ ಮೇಲೆ ಬೈಬಲ್ ತೆರೆಯಿರಿ, ಪರವಾಗಿಲ್ಲ.

ನರ್ಸ್ ಆದರೆ ಬಿ.ಪಿ. ನೋಡದೆಯೇ ಚಾರ್ಟಿನಲ್ಲಿ 120/80 ಬರೆಯುವುದು. ಮೇಷ್ಟರಾದರೆ ತರಗತಿಯಲ್ಲಿ ಅರ್ಧ ಹೇಳಿ ಮಿಕ್ಕದ್ದನ್ನು ಟ್ಯೂಷನ್ನಿಗೆ ಉಳಿಸುವುದು. ಮನೆ ಬಾಡಿಗೆಗೆ ಕೊಡುವವರಾದರೆ ಹೆಸರು ಕೇಳುವ ನೆಪದಲ್ಲಿ ಜಾತಿ ಕೇಳುವುದು. ನಮ್ಮ ಸಭೆಗಳ ಒಳಗೇ ಹೆಣ್ಣು ಗಂಡು ನೋಡುವಾಗ ಈ ಪ್ರಶ್ನೆ ಎಷ್ಟು ಮೆತ್ತಗೆ ಬರುತ್ತದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು.

ಲಂಚದ ಮಾತು ಪ್ರತ್ಯೇಕ. ‘ತಗೊಳ್ಳೋದು ತಪ್ಪು, ಕೊಡೋದು ನಮ್ಮ ಕರ್ಮ’ ಎಂದು ಅನೇಕರು ಸಮಾಧಾನ ಮಾಡಿಕೊಂಡಿದ್ದಾರೆ. 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧವೇ. ಬಲವಂತಕ್ಕೆ ಸಿಕ್ಕಿ ಕೊಟ್ಟಿದ್ದರೆ ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದವರಿಗೆ ಕಾನೂನು ರಕ್ಷಣೆ ಕೊಡುತ್ತದೆ. ಅದಕ್ಕೂ ಮೊದಲು ಮಾಡಬಹುದಾದದ್ದು: ಸರ್ಕಾರದ ‘ಸಕಾಲ’ ಯೋಜನೆಯಡಿ ಬರುವ ಸೇವೆಯಾದರೆ ಅರ್ಜಿ ಕೊಟ್ಟಾಗಲೇ ಸಕಾಲ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಿರಿ. 2011ರ ಸಕಾಲ ಕಾಯ್ದೆಯಡಿ ಅಂಥ ಪ್ರತಿ ಸೇವೆಗೂ ದಿನಗಳ ಗಡುವಿದೆ. ಕೆಲಸ ತಡವಾಗುತ್ತದೆ, ಎರಡು ಸಲ ಹೆಚ್ಚಿಗೆ ಅಲೆಯಬೇಕಾಗುತ್ತದೆ. ಆ ಅಲೆದಾಟವೂ ನಿಮ್ಮ ಕರೆಯ ಲೆಕ್ಕಕ್ಕೇ ಸೇರುತ್ತದೆ.

4. ಕೂಲಿ ಮೊದಲು, ಕಾಣಿಕೆ ಆಮೇಲೆ

ನೋಟ್‌ಬುಕ್ಕಿನಲ್ಲಿ ಹೊಸ ಪುಟ. ಯಾರಿಗೆ ಎಷ್ಟು ಕೊಡಬೇಕು, ಎಂದಿನಿಂದ ಬಾಕಿ? ಧರ್ಮೋಪದೇಶಕಾಂಡ 24ರ ಪ್ರಕಾರ ಬಡ ಕೂಲಿಯಾಳಿನ ಸಂಬಳ ಸೂರ್ಯ ಮುಳುಗುವ ಮೊದಲೇ ಕೈ ಸೇರಬೇಕು. ಯಾಕೋಬನ ಪತ್ರದ 5ನೆಯ ಅಧ್ಯಾಯ ಇನ್ನೂ ಖಾರ: ಗದ್ದೆ ಕೊಯ್ದವರಿಂದ ಹಿಡಿದಿಟ್ಟುಕೊಂಡ ಕೂಲಿ ಕೂಗುತ್ತಿದೆ, ಆ ಕೂಗು ದೇವರ ಕಿವಿ ಮುಟ್ಟಿದೆ ಎನ್ನುತ್ತದೆ. ನಾಲೆ ಬಯಲಿನಲ್ಲಿ ಭತ್ತದ ಕೊಯ್ಲಿನ ಸಮಯದಲ್ಲಿ ಇದನ್ನು ಓದಿ ನೋಡಿ, ಬೇರೆಯೇ ಕೇಳಿಸುತ್ತದೆ.

ಇಲ್ಲಿ ಜನ ಎಡವುವ ಜಾಗ ಮೂರು.

ಒಂದು, ದಶಮಾಂಶ. ಆದಾಯದ ಹತ್ತನೆಯ ಒಂದು ಪಾಲನ್ನು ದೇವರ ಕೆಲಸಕ್ಕೆ ಎತ್ತಿಡುವುದಕ್ಕೆ ಈ ಹೆಸರು. ಮನೆಕೆಲಸದಾಕೆಗೆ ಎರಡು ತಿಂಗಳ ಬಾಕಿ ಇಟ್ಟುಕೊಂಡು ದಶಮಾಂಶದ ಕವರು ತುಂಬಿಸಿದರೆ, ಆ ಕವರಿನಲ್ಲಿರುವುದು ನಿಮ್ಮ ದುಡ್ಡಲ್ಲ, ಆಕೆಯದು. ವಯಸ್ಸಾದ ಅಪ್ಪ ಅಮ್ಮನ ಔಷಧಿಗೆ ‘ಈ ತಿಂಗಳು ಆಗಲ್ಲ’ ಎಂದು ಚರ್ಚಿನ ಕಟ್ಟಡಕ್ಕೆ ಕೊಡುವುದೂ ಅಷ್ಟೆ. ಮಾರ್ಕನ 7ನೆಯ ಅಧ್ಯಾಯದಲ್ಲಿ ಯೇಸು ಬೈಯುವುದು ಇದನ್ನೇ. ಅಲ್ಲಿ ಅದಕ್ಕೆ ‘ಕೊರ್ಬಾನ್’ ಎಂಬ ಹೆಸರು, ದೇವರಿಗೆ ಮೀಸಲು ಎಂದು ಹೇಳಿ ಹೆತ್ತವರಿಗೆ ಕೊಡದೆ ನುಣುಚಿಕೊಳ್ಳುವ ಉಪಾಯ.

ಎರಡು, ಮುಂಗಡ. ಕಬ್ಬು ಕಡಿಯಲು, ಆಲೆಮನೆಗೆ ಬರುವ ಆಳುಗಳಿಗೆ ಮುಂಗಡ ಕೊಡುವುದು ವಾಡಿಕೆ. ಕೊಟ್ಟದ್ದು ತೀರುವ ತನಕ ಬೇರೆ ಕಡೆ ಹೋಗಕೂಡದು ಎಂದು ಕಟ್ಟಿಹಾಕಿದರೆ ಅದು ಜೀತ. 1976ರ ಕಾಯ್ದೆ ಅದನ್ನು ರದ್ದು ಮಾಡಿದೆ. ಲೆಕ್ಕದ ಚೀಟಿ ಅವರ ಕೈಯಲ್ಲೂ ಒಂದಿರಲಿ, ಅವರು ಓದಬಲ್ಲ ಭಾಷೆಯಲ್ಲಿ.

ಮೂರು, ಗಳಿಕೆಯ ಬಗ್ಗೆಯೇ ನಾಚಿಕೆ. ದುಡ್ಡು ಮಾಡುವುದು ಪಾಪ ಎಂಬಂತೆ ಕೆಲವರು ಕುಗ್ಗಿಹೋಗುತ್ತಾರೆ. ಮೈಸೂರು ಸೀಮೆಯ ಸಿಎಸ್‌ಐ ಸಭೆಗಳಿಗೆ ವೆಸ್ಲಿಯನ್ ಮಿಷನ್ ಮೂಲದ ನಂಟಿದೆ. ಆ ಪರಂಪರೆಯ ಜಾನ್ ವೆಸ್ಲಿ 18ನೆಯ ಶತಮಾನದಲ್ಲೇ ಸಾಧ್ಯವಾದಷ್ಟು ದುಡಿ, ಸಾಧ್ಯವಾದಷ್ಟು ಉಳಿಸು, ಸಾಧ್ಯವಾದಷ್ಟು ಕೊಡು ಎಂದು ಬೋಧಿಸಿದ. ನಾವು ಮೊದಲೆರಡನ್ನು ನೆನಪಿಟ್ಟುಕೊಂಡಿದ್ದೇವೆ. ದುಡಿಯುವಾಗ ನೆರೆಯವನ ಮೈಗಾಗಲಿ ಸ್ವತ್ತಿಗಾಗಲಿ ಕೆಡುಕು ಮಾಡಕೂಡದು ಎಂಬ ಷರತ್ತನ್ನೂ ಅವನು ಹಾಕಿದ್ದ. ಅದನ್ನಂತೂ ಪೂರಾ ಮರೆತಿದ್ದೇವೆ.

5. ಭಾನುವಾರದ ಶಿಫ್ಟು

ಇದಕ್ಕೆ ಉದ್ದ ಉತ್ತರ ಬೇಕಿಲ್ಲ. ಕಥೋಲಿಕರಿಗೆ ಶನಿವಾರ ಸಂಜೆಯ ಬಲಿಪೂಜೆಯೂ (ಮಾಸ್) ಭಾನುವಾರದ ಕಟ್ಟಳೆಗೆ ಸಲ್ಲುತ್ತದೆ. ನಿಮ್ಮ ಚರ್ಚಿನಲ್ಲಿ ಆ ಪೂಜೆ ಇದೆಯೇ, ಎಷ್ಟು ಹೊತ್ತಿಗೆ ಎಂದು ಕೇಳಿಕೊಳ್ಳಿ. ಉಳಿದವರು ಬೆಳಗಿನ ಮೊದಲ ಆರಾಧನೆಗೋ ಸಂಜೆಯ ಕೂಟಕ್ಕೋ ಹೊಂದಿಸಿಕೊಳ್ಳಬಹುದು. ಶಿಫ್ಟು ಬದಲಿಸಿಕೊಳ್ಳುವುದಾದರೆ ಒಂದು ನಿಯಮ: ದೀಪಾವಳಿ, ಯುಗಾದಿ, ರಂಜಾನ್ ದಿನ ಸಹೋದ್ಯೋಗಿಯ ಪಾಳಿಯನ್ನು ನೀವು ಹೊರಬೇಕು. ತಾನು ಮಾತ್ರ ಬಿಡಿಸಿಕೊಳ್ಳುವವನ ಭಕ್ತಿಗೆ ಯಾರೂ ಮರ್ಯಾದೆ ಕೊಡುವುದಿಲ್ಲ. ಆಸ್ಪತ್ರೆಯಲ್ಲಿ ತುರ್ತು ಇದ್ದರೆ ಪ್ರಾರ್ಥನೆಗೆಂದು ರೋಗಿಯನ್ನು ಬಿಟ್ಟು ಬರಬೇಡಿ. ಕೆಲಸ ಮಾಡಬಾರದೆಂಬ ಸಬ್ಬತ್ತಿನ ದಿನವೇ ಕೈ ಬತ್ತಿದವನನ್ನು ಗುಣಪಡಿಸಿದವನ ಶಿಷ್ಯರು ನಾವು.

6. ಆಯುಧಪೂಜೆಯ ದಿನ

ದಸರಾ ಹತ್ತಿರ ಬಂದಂತೆ ಮೈಸೂರಿನವರ ಪ್ರಶ್ನೆಗಳೆಲ್ಲ ಇದರ ಮೇಲೆಯೇ. ಕಾರ್ಖಾನೆಯಲ್ಲಿ ಮಿಷಿನ್ನಿಗೆ ಪೂಜೆ, ಆಫೀಸಿನಲ್ಲಿ ಕಂಪ್ಯೂಟರಿಗೆ ಕುಂಕುಮ, ಬೂದುಗುಂಬಳಕಾಯಿ, ಕಡ್ಲೆಪುರಿ, ಸ್ವೀಟು. ಏನು ಮಾಡಬೇಕು?

ಪೌಲನ ಕಾಲದಲ್ಲೂ ಇದೇ ತಕರಾರು. 1 ಕೊರಿಂಥ 8 ಮತ್ತು 10, ರೋಮಾ 14 ಈ ಮೂರನ್ನೂ ಒಂದೇ ಕೂತಿನಲ್ಲಿ ಓದಿ. ವಿಗ್ರಹಕ್ಕೆ ಪೂಜೆ ಸಲ್ಲಿಸಬಾರದು ಎಂಬುದರಲ್ಲಿ ಅವನಿಗೆ ಸಡಿಲಿಕೆ ಇಲ್ಲ. ಆದರೆ ಮಾರುಕಟ್ಟೆಯಲ್ಲಿ ಸಿಗುವ ಮಾಂಸವನ್ನು ಕೊಂಡು ತಿನ್ನುವಾಗ ಅದು ಎಲ್ಲಿಂದ ಬಂತು, ವಿಗ್ರಹಕ್ಕೆ ಅರ್ಪಿಸಿದ್ದೋ ಎಂದು ಕೆದಕಬೇಡ ಎನ್ನುತ್ತಾನೆ. ತಿನ್ನುವವನು ತಿನ್ನದವನನ್ನು ಹೀನೈಸಬಾರದು, ತಿನ್ನದವನು ತಿನ್ನುವವನ ಮೇಲೆ ತೀರ್ಪು ಕೊಡಬಾರದು ಎಂದೂ ಸೇರಿಸುತ್ತಾನೆ. ಪ್ರಸಾದದ ವಿಷಯದಲ್ಲಿ ಸಭೆಗಳ ಬೋಧನೆ ಬೇರೆ ಬೇರೆ ಇದೆ. ನಿಮ್ಮ ಹಿರಿಯರನ್ನು ಕೇಳಿ, ಮನಸ್ಸಾಕ್ಷಿಗೆ ವಿರುದ್ಧವಾಗಿ ಹೋಗಬೇಡಿ.

ನನ್ನ ಸಲಹೆ ಹೀಗೆ. ಹಿಂದಿನ ದಿನವೇ ಸೂಪರ್‌ವೈಸರ್ ಹತ್ತಿರ ಹೋಗಿ, ‘ಸಾರ್, ನಾಳೆ ಮಿಷಿನ್ ತೊಳೆಯೋಕೆ, ಶಾಮಿಯಾನಕ್ಕೆ, ಊಟ ಬಡಿಸೋಕೆ ನಾನಿರ್ತೀನಿ. ಆರತಿ ಹೊತ್ತಲ್ಲಿ ಸ್ವಲ್ಪ ಪಕ್ಕದಲ್ಲಿರ್ತೀನಿ, ತಪ್ಪು ತಿಳ್ಕೋಬೇಡಿ’ ಎಂದು ಹೇಳಿಬಿಡಿ. ಎಲ್ಲರಿಗಿಂತ ಮೊದಲು ಹೋಗಿ ಎಣ್ಣೆ ಜಿಡ್ಡು ಒರೆಸಿ. ಊಟಕ್ಕೆ ಎಲ್ಲರ ಜೊತೆ ಕೂತುಕೊಳ್ಳಿ. ಅಂದು ರಜೆ ಹಾಕಿ ತಪ್ಪಿಸಿಕೊಳ್ಳುವುದು ಸುಲಭ, ಆದರೆ ಜೊತೆಗಾರರಿಗೆ ಅದು ಕಾಣುವುದು ತಿರಸ್ಕಾರದಂತೆ. ಇನ್ನು ಕೆಲವರು ಪೂಜೆ ನಡೆಯುವಾಗ ಕೈಕಟ್ಟಿ ಮುಖ ಗಂಟಿಕ್ಕಿ ನಿಲ್ಲುತ್ತಾರೆ. ಅದು ಸಾಕ್ಷಿಯಲ್ಲ, ಒರಟುತನ.

ಅಂಬಾರಿಯ ಮೆರವಣಿಗೆ ನೋಡಲು ಹೋಗಬಹುದೇ ಎಂದೂ ಕೇಳುತ್ತಾರೆ. ಜನಜಂಗುಳಿಯಲ್ಲಿ ಮಕ್ಕಳ ಕೈ ಬಿಡಬೇಡಿ, ಅಷ್ಟೆ.

7. ಬಾಯಿಗೆ ಕಡಿವಾಣ

ಸಾಕ್ಷಿ ಎಂದರೆ ಬಾಯಿಮಾತು ಮಾತ್ರ ಎಂದು ನಂಬಿದವರಿಗೆ ನಮ್ಮ ಸೀಮೆಯ ಚರಿತ್ರೆಯನ್ನೇ ತೋರಿಸುತ್ತೇನೆ. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಫ್ರೆಂಚ್ ಮಿಷನರಿ ಅಬ್ಬೆ ದುಬಾಯ್ ಹೆಸರಿನೊಂದಿಗೆ ಗುರುತಿಸುವ ಚರ್ಚು ಇದೆ. 19ನೆಯ ಶತಮಾನದ ಆರಂಭದಲ್ಲಿ ಅವರು ಸಿಡುಬಿನ ಲಸಿಕೆ ಹಾಕಿಸುವ ಕೆಲಸಕ್ಕೆ ಕೈಹಾಕಿದರು. ಮೈಸೂರಿನಲ್ಲಿ ಈಗಲೂ ಜನ ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1906ರಿಂದ ಇದೆ. ದೋರನಹಳ್ಳಿಯ ಸಂತ ಅಂತೋಣಿಯವರ ಕ್ಷೇತ್ರದ ಪ್ರತೀತಿ ಶುರುವಾಗುವುದು ಗುಡಿಯಿಂದಲ್ಲ, ಹೊಲ ಉಳುತ್ತಿದ್ದ ರೈತನ ನೇಗಿಲಿನ ಸಾಲಿನಿಂದ.

ಹಾಗಾಗಿ ಕೆಲಸದ ಜಾಗದಲ್ಲಿ: ಕೇಳಿದರೆ ಹೇಳಿ, ಚಿಕ್ಕದಾಗಿ ಹೇಳಿ, ಹೇಳಿದ ಮೇಲೆ ಅವರ ಮಾತನ್ನೂ ಕೇಳಿಸಿಕೊಳ್ಳಿ. ಕಾಯಿಲೆಯವರಿಗೆ, ಸಾಲದಲ್ಲಿರುವವರಿಗೆ, ನಿಮ್ಮ ಕೈಕೆಳಗಿರುವವರಿಗೆ ಸಹಾಯದ ಜೊತೆಗೆ ಪ್ರಾರ್ಥನೆಗೆ ಬರಬೇಕೆಂಬ ಷರತ್ತು ಅಂಟಿಸಬೇಡಿ. ಆಫೀಸಿನ ವಾಟ್ಸ್ಯಾಪ್ ಗುಂಪಿಗೆ ದಿನಾ ವಾಕ್ಯ ಹಾಕುವುದನ್ನು ನಿಲ್ಲಿಸಿ. ಹಾಕಿದ ಹತ್ತು ನಿಮಿಷಕ್ಕೆ ನೀವು ಲೇಟಾಗಿ ಬಂದರೆ ಎಲ್ಲರಿಗೂ ಆ ವಾಕ್ಯವೇ ನೆನಪಾಗುತ್ತದೆ.

ಚಾಡಿಯೂ ಇಲ್ಲಿಗೇ ಸೇರುತ್ತದೆ. ‘ಇವರಿಗಾಗಿ ಪ್ರಾರ್ಥನೆ ಮಾಡಿ’ ಎನ್ನುತ್ತಾ ಇನ್ನೊಬ್ಬರ ಮನೆಯ ಗುಟ್ಟು ಬಿಚ್ಚುವ ಚಾಳಿ ನಮ್ಮ ಮನೆಪ್ರಾರ್ಥನೆಗಳಲ್ಲಿ ಎಷ್ಟಿದೆ! ಹೆಸರು ಬೇಡ, ವಿವರ ಬೇಡ. ದೇವರಿಗೆ ವಿಳಾಸ ಗೊತ್ತಿದೆ.

8. ರಾತ್ರಿ ಹತ್ತು ನಿಮಿಷದ ಆತ್ಮಶೋಧನೆ

ಆತ್ಮಶೋಧನೆ ಎಂದರೆ ಕಳೆದ ದಿನವನ್ನು ದೇವರ ಮುಂದೆ ಹಿಂದಿರುಗಿ ನೋಡುವುದು. ಇಗ್ನಾಸಿಯ ಲೊಯೋಲರು 16ನೆಯ ಶತಮಾನದಲ್ಲಿ ಕಲಿಸಿದ ಕ್ರಮವನ್ನು ಸರಳ ಮಾಡಿ ಕೊಡುತ್ತೇನೆ. ಯಾವ ಸಭೆಯವರೂ ಮಾಡಬಹುದು. ಮೊದಲು ಇವತ್ತು ಸಿಕ್ಕ ಒಂದು ಒಳ್ಳೆಯದಕ್ಕೆ ವಂದನೆ. ಆಮೇಲೆ ಬೆಳಕು ಬೇಡಿ, ಬೆಳಗಿನಿಂದ ರಾತ್ರಿಯವರೆಗೆ ಗಂಟೆಗಂಟೆಯಾಗಿ ನೆನೆಯಿರಿ. ಎಲ್ಲಿ ತಪ್ಪಿದೆ ಎಂದು ಒಂದೇ ಸಾಲು ಬರೆದು ಕ್ಷಮೆ ಕೇಳಿ. ಕೊನೆಗೆ ನಾಳೆ ಮಾಡುವ ಒಂದು ಕೆಲಸ ಬರೆಯಿರಿ.

‘ಒಳ್ಳೆಯವನಾಗುತ್ತೇನೆ’ ಎಂದು ಬರೆದರೆ ಪ್ರಯೋಜನವಿಲ್ಲ. ‘ಬೆಳಿಗ್ಗೆ ಒಂಬತ್ತಕ್ಕೆ ಸ್ಟೋರ್‌ನವನ ಹತ್ತಿರ ಕ್ಷಮೆ ಕೇಳುವುದು’ ಎಂದು ಬರೆಯಬೇಕು. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಎರಡು ದಿನ ತಪ್ಪಿಹೋದರೆ ಮೂರನೆಯ ದಿನ ಮುಂದುವರಿಸಿ, ಬಿಟ್ಟ ದಿನಗಳ ಬಾಕಿ ತುಂಬಿಸಲು ಹೋಗಬೇಡಿ. ಸಣ್ಣ ಸಣ್ಣದಕ್ಕೂ ನಡುಗಿ ನಿದ್ದೆಗೆಡುವ ಸ್ವಭಾವದವರಾದರೆ ಈ ಹಂತವನ್ನು ಒಬ್ಬರೇ ಮಾಡದೆ ಗುರುಗಳ ಮಾರ್ಗದರ್ಶನದಲ್ಲೇ ಮಾಡಿ. ಅತಿಯಾದ ಪಾಪಭೀತಿ ಭಕ್ತಿಯ ಗುರುತಲ್ಲ.

9. ಕೊಡಬೇಕಾದದ್ದನ್ನು ಹಿಂದಿರುಗಿಸಿ

ನಾಲ್ಕನೆಯ ವಾರದ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಎರಡು ಮೂರು ಹೆಸರು ಮತ್ತೆ ಮತ್ತೆ ಬಂದಿರುತ್ತವೆ. ಅಲ್ಲಿಂದ ಶುರು. ಬೈಬಲ್ಲಿನ ಸುಂಕದವನಾದ ಜಕ್ಕಾಯ ಯೇಸುವಿಗೆ ಊಟ ಹಾಕಿ ಕೈತೊಳೆದುಕೊಳ್ಳಲಿಲ್ಲ, ವಂಚಿಸಿದ್ದರೆ ನಾಲ್ಕರಷ್ಟು ಕೊಡುತ್ತೇನೆಂದ. ಗಂಡ ಮಾಮೂಲಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ವಾಪಸು ಸುರಿದು ಬಾ ಎಂದು ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ಗೊತ್ತೇ ಇದೆ. ಮನೆಯಲ್ಲಿ ಅಂಥವರೊಬ್ಬರಿದ್ದರೆ ಈ ಹಂತ ಸುಲಭ.

ದುಡ್ಡಿನ ಬಾಕಿಯಾದರೆ ಮೊತ್ತ ಬರೆದು, ಒಂದೇ ಸಲ ಆಗದಿದ್ದರೆ ಕಂತು ಬರೆದು, ಆ ವ್ಯಕ್ತಿಯ ಕೈಗೇ ಕೊಡಿ. ವ್ಯಕ್ತಿ ತೀರಿಕೊಂಡಿದ್ದರೆ ಮಕ್ಕಳಿಗೆ. ಯಾರೆಂದೇ ಗೊತ್ತಿಲ್ಲದ ಗಿರಾಕಿಗಳಾದರೆ, ಅದೇ ಊರಿನ ಬಡವರಿಗೆ ಹೆಸರು ಹೇಳದೆ. ಚರ್ಚಿನ ಡಬ್ಬಿಗೆ ಹಾಕಿ ಲೆಕ್ಕ ಚುಕ್ತಾ ಮಾಡುವುದು ಕೊನೆಯ ದಾರಿ, ಮೊದಲನೆಯದಲ್ಲ. ಮಾತಿನ ಗಾಯವಾದರೆ ‘ನಿಮಗೆ ಬೇಜಾರಾಗಿದ್ರೆ ಸಾರಿ’ ಎನ್ನಬೇಡಿ. ‘ಅವತ್ತು ಎಲ್ಲರ ಮುಂದೆ ನಿಮಗೆ ಹಾಗೆ ಅಂದದ್ದು ನನ್ನ ತಪ್ಪು’ ಎನ್ನಿ. ಎದುರಿನವರು ಕ್ಷಮಿಸದೆ ಹೋಗಬಹುದು. ಬಾಕಿ ಮಾತ್ರ ನಿಮ್ಮದು, ಅವರ ಉತ್ತರ ನಿಮ್ಮದಲ್ಲ. ಹಳೆಯದನ್ನು ತೆರೆದರೆ ಮೂರನೆಯವರ ಸಂಸಾರ ಒಡೆಯುವಂತಿದ್ದರೆ ದುಡುಕಬೇಡಿ, ಪಾಪನಿವೇದನೆಯಲ್ಲೋ ಸಭಾಪಾಲಕರ ಬಳಿಯೋ ಮೊದಲು ಮಾತಾಡಿ.

ಒಬ್ಬರಾದರೂ ಜೊತೆಗಾರರನ್ನು ಹುಡುಕಿಕೊಳ್ಳಿ, ತಿಂಗಳಿಗೊಮ್ಮೆ ‘ಪಟ್ಟಿಯಲ್ಲಿ ಎಷ್ಟು ಉಳಿದಿದೆ?’ ಎಂದು ಕೇಳಲು. ಗಂಡ ಹೆಂಡತಿ ಒಬ್ಬರಿಗೊಬ್ಬರು ಈ ಕೆಲಸ ವಹಿಸಿಕೊಳ್ಳದಿರುವುದು ವಾಸಿ, ಊಟದ ಹೊತ್ತಿಗೆ ಅದೇ ಜಗಳವಾಗುತ್ತದೆ. ನನ್ನ ಪಟ್ಟಿಯಲ್ಲಿ ಇನ್ನೂ ಎರಡು ಹೆಸರು ಬಾಕಿ ಇವೆ. ಒಬ್ಬರು ಮದ್ದೂರಿನಲ್ಲಿದ್ದಾರೆ, ಈ ಶನಿವಾರ ಬಸ್ಸು ಹತ್ತಬೇಕು.